ಕಾರಿನವನಿಗೆ ನಾನು ಕಾಣಲೇ ಇಲ್ಲವಂತೆ!

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಬೈಕು, ಸ್ಕೂಟರ್ ಸವಾರರದ್ದು. ಓದುತ್ತಾ ಹೋದಂತೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹುಚ್ಚಾಪಟ್ಟೆ ಓಡಿಸಿ ಬಿದ್ದವರು ಕಡಿಮೆ. ಬೇರೆ ಗಾಡಿಯವನ ಕಣ್ಣಿಗೆ ಬೀಳದ ಜಾಗದಲ್ಲಿ ತಾವಿದ್ದೇವೆ ಅನ್ನುವುದು ತಮಗೇ ಗೊತ್ತಿಲ್ಲದೆ ಬಿದ್ದವರೇ ಜಾಸ್ತಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಮಂದಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಎರಡು ಚಕ್ರದವರಿಗೇ.

ಮಾಗಡಿ ರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದೆ. ಎದುರಿನಿಂದ ಬಂದ ಕಾರು ಡಿವೈಡರ್ ಗ್ಯಾಪಿನಲ್ಲಿ ಸಡನ್ನಾಗಿ ಬಲಕ್ಕೆ ತಿರುಗಿತು. ಬ್ರೇಕ್ ಹಿಡಿದು ಬಿದ್ದೆ, ಮೊಣಕಾಲು ತರಚಿಹೋಯಿತು. ‘ನೀವು ಕಾಣಲೇ ಇಲ್ಲ’ ಅಂತಾನೆ ಕಾರಿನವನು. ಬೆಳಿಗ್ಗೆ ಹನ್ನೊಂದು ಗಂಟೆ ಬಿಸಿಲಲ್ಲಿ ಬೈಕ್ ಕಾಣಲ್ಲ ಅಂದರೆ ಏನರ್ಥ ಸರ್?
– ಓದುಗ, ಕಾಮಾಕ್ಷಿಪಾಳ್ಯ

ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ತಿರುಗುವವನು ನೇರ ಬರುವವರಿಗೆ ದಾರಿ ಬಿಡಬೇಕು. ಆದರೆ ಅವನು ಸುಳ್ಳು ಹೇಳಿರಲಿಕ್ಕಿಲ್ಲ.

ಎದುರಿಗೆ ಬರುವ ಗಾಡಿಯ ವೇಗವನ್ನು ನಮ್ಮ ಕಣ್ಣು ಅಳೆಯುವುದು ಅದು ಎಷ್ಟು ಬೇಗ ದೊಡ್ಡದಾಗಿ ಕಾಣುತ್ತಿದೆ ಅನ್ನುವುದರ ಮೇಲೆ. ಬಸ್ಸು ಅಗಲ, ದೂರದಿಂದಲೇ ದೊಡ್ಡದಾಗುವುದು ಗೊತ್ತಾಗುತ್ತದೆ. ಬೈಕು ಸಣ್ಣದು. ತುಂಬಾ ಹತ್ತಿರ ಬರುವವರೆಗೂ ಅಷ್ಟೇ ಗಾತ್ರದಲ್ಲಿ, ಅಲ್ಲೇ ನಿಂತಂತೆ ಕಾಣುತ್ತಿರುತ್ತದೆ. ‘ಇನ್ನೂ ದೂರ ಇದೆ, ತಿರುಗಿಬಿಡೋಣ’ ಅಂತ ಅವನಿಗೆ ಅನಿಸುವುದು ಇದರಿಂದಲೇ. ಇನ್ನೊಂದು ಕಾರಣ, ಕಾರಿನ ಮುಂಗಾಜಿನ ಪಕ್ಕದಲ್ಲಿ ಒಂದು ದಪ್ಪ ಕಂಬ ಇರುತ್ತಲ್ಲ, ಅದರ ಮರೆಯಲ್ಲಿ ಒಂದು ಇಡೀ ಬೈಕು ಮತ್ತು ಸವಾರ ಇಬ್ಬರೂ ಮಾಯವಾಗಬಲ್ಲರು. ನಂಬಿಕೆ ಬರದಿದ್ದರೆ ನಿಂತ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಗೆಳೆಯನನ್ನು ಎದುರಿನಿಂದ ನಡೆದು ಬರಲು ಹೇಳಿ, ನೋಡಿ.

ಮೂರನೆಯದು ನಮ್ಮ ಕೈಯಲ್ಲಿರುವುದು. ನೀವು ಬಸ್ಸಿನ ಅಥವಾ ಟೆಂಪೋದ ಹಿಂದೆಯೇ ಅಂಟಿಕೊಂಡು ಬರುತ್ತಿದ್ದರೆ ಎದುರಿನವನಿಗೆ ಕಾಣುವುದು ಬಸ್ಸು ಮಾತ್ರ. ಬಸ್ಸು ದಾಟಿದ ತಕ್ಷಣ ರಸ್ತೆ ಖಾಲಿ ಅಂದುಕೊಂಡು ಅವನು ತಿರುಗುತ್ತಾನೆ. ಹಾಗಾಗಿ ಜಂಕ್ಷನ್, ಡಿವೈಡರ್ ಗ್ಯಾಪ್ ಬರುವ ಮೊದಲೇ ಮುಂದಿನ ದೊಡ್ಡ ಗಾಡಿಯಿಂದ ಹಿಂದೆ ಸರಿಯಿರಿ. ಆಕ್ಸಿಲರೇಟರ್ ಬಿಡಿ, ಎರಡು ಬೆರಳು ಬ್ರೇಕ್ ಲಿವರ್ ಮೇಲೆ ಇರಲಿ. ಇಷ್ಟರಿಂದಲೇ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ: ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೀರಿ, 60ರಲ್ಲಿ ಹತ್ತಿರ ಹತ್ತಿರ 17 ಮೀಟರ್. ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಹೊಳೆದು ಕೈ ಕೆಲಸ ಮಾಡುವುದಕ್ಕೇ ಒಂದು ಸೆಕೆಂಡು ಬೇಕು, ಗಾಡಿ ನಿಲ್ಲುವ ದೂರ ಆಮೇಲಿನದು. ಒಣ ರಸ್ತೆಯಲ್ಲಿ, ಚೆನ್ನಾಗಿ ಬ್ರೇಕ್ ಹಿಡಿಯಲು ಬರುವವನಿಗೂ 40ರಲ್ಲಿ ಒಟ್ಟು ಇಪ್ಪತ್ತು ಮೀಟರ್ ಮೇಲೆ ಬೇಕು, 60ರಲ್ಲಿ ನಲವತ್ತು ಮೀಟರ್ ಆದರೂ ಬೇಕು.

ಕಾರಿನವನ ಮುಖ ನೋಡಬೇಡಿ. ನಿಮ್ಮ ಕಡೆಗೇ ನೋಡುತ್ತಾ ತಿರುಗಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಾರಿನ ಮುಂದಿನ ಚಕ್ರ ನೋಡಿ, ಕಾರಿಗಿಂತ ಮೊದಲು ತಿರುಗುವುದು ಅದೇ. 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಎಂಜಿನ್ ಜೊತೆ ತಾನೇ ಉರಿಯುತ್ತದೆ. ಬ್ಯಾಟರಿ ಹಾಳಾಗುತ್ತೆ ಅಂತ ಅದಕ್ಕೆ ಸ್ವಿಚ್ ಹಾಕಿಸುವವರಿದ್ದಾರೆ, ದಯವಿಟ್ಟು ಬೇಡ, ನೀವು ಕಾಣಲಿ ಅಂತಲೇ ಆ ಲೈಟು ಇರುವುದು. ಹಾಗೇ ಹೈಬೀಮ್ ಮಿಣಕಿಸಿದರೆ ಅವನು ನಿಲ್ಲುತ್ತಾನೆ ಅಂತ ನಂಬಬೇಡಿ. ನಮ್ಮಲ್ಲಿ ಲೈಟ್ ಹೊಡೆದರೆ ‘ನಾನು ಬರ್ತಿದ್ದೀನಿ, ನಿಲ್ಲು’ ಅಂತಲೂ ಆಗುತ್ತದೆ, ‘ನೀನು ಹೋಗು’ ಅಂತಲೂ ಆಗುತ್ತದೆ.

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊನ್ನೆ ಅವನ ಹಿಂದೆ ಕೂತು ಕೆಂಗೇರಿಯಿಂದ ಬಂದೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ನುಗ್ಗಿಸುತ್ತಾನೆ. ಬೈದರೆ ‘ಎಲ್ಲರೂ ಹಂಗೇ ಹೋಗೋದಮ್ಮ’ ಅಂತಾನೆ. ಹೇಗೆ ಹೇಳಲಿ?
– ಒಬ್ಬ ತಾಯಿ, ನಾಯಂಡಹಳ್ಳಿ

ಅಮ್ಮ, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಊರಲ್ಲಿ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ ಅಂತಲೇ ನಾನು ಹೇಳುವುದು.

ಪರಿಚಯದ ಬಸ್ಸು ಅಥವಾ ಲಾರಿ ಡ್ರೈವರ್ ಯಾರಾದರೂ ಇದ್ದರೆ, ನಿಂತ ಗಾಡಿಯಲ್ಲಿ ಮಗನನ್ನು ಒಮ್ಮೆ ಅವರ ಸೀಟಿನಲ್ಲಿ ಕೂರಿಸಿ. ನೀವು ಎಡಗಡೆ ಬಾಗಿಲ ಹತ್ತಿರ ನಿಂತುಕೊಳ್ಳಿ. ಹೆತ್ತ ತಾಯಿ ಅಲ್ಲೇ ನಾಲ್ಕು ಅಡಿ ದೂರದಲ್ಲಿದ್ದರೂ ಕನ್ನಡಿಯಲ್ಲಿ ಕಾಣದೆ ಹೋಗಬಹುದು ಅನ್ನುವುದು ಅವನಿಗೇ ಗೊತ್ತಾಗಲಿ. ದೊಡ್ಡ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊರೆದುಕೊಂಡು ಬರುತ್ತದೆ. ಈಗ ಮೂರು ಅಡಿ ಇದ್ದ ಸಂದು ಮುಂದಿನ ಕ್ಷಣ ಒಂದಡಿ ಆಗಿರುತ್ತದೆ. ಹ್ಯಾಂಡಲ್ ಬಸ್ಸಿಗೆ ಸ್ವಲ್ಪ ತಾಗಿದರೆ ಸಾಕು, ಗಾಡಿ ಬೀಳುವುದು ಹಿಂದಿನ ಚಕ್ರದ ಕಡೆಗೆ. ಅಲ್ಲಿ ವೇಗವೇ ಬೇಡ, ಹೆಲ್ಮೆಟ್ಟೂ ಕಾಪಾಡಲಾರದು. ಇದರ ಜೊತೆಗೆ ಸ್ಟಾಪ್ ಬರುವ ಮೊದಲೇ ಬಸ್ಸಿನಿಂದ ಇಳಿಯುವವರು ಬೇರೆ.

ಮಗನಿಗೆ ಹೇಳಬೇಕಾದ್ದು ಇಷ್ಟೇ. ದೊಡ್ಡ ಗಾಡಿಯ ಪಕ್ಕದಲ್ಲಿ ಇರಬೇಡ. ಹಿಂದೆ ಇರು, ಇಲ್ಲವೇ ಬಲಗಡೆಯಿಂದ ಪೂರ್ತಿ ಮುಂದೆ ಹೋಗು. ಸಿಗ್ನಲ್‌ನಲ್ಲಿ ಲಾರಿಯ ಮೂತಿಗೆ ಒತ್ತಿಕೊಂಡು ನಿಲ್ಲಬೇಡ, ಡ್ರೈವರ್ ಕೂರುವುದು ಎತ್ತರದಲ್ಲಿ, ಬಾನೆಟ್ಟಿನ ಕೆಳಗಿರುವವರು ಅವನಿಗೆ ಕಾಣಿಸುವುದಿಲ್ಲ.

ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಸ್ಕೂಟರ್. ಮಳೆಯಲ್ಲಿ ಫ್ಲೈಓವರ್ ಮೇಲೆ ಕಬ್ಬಿಣದ ಪಟ್ಟಿ ಬರುತ್ತಲ್ಲ, ಅಲ್ಲಿ ಚಕ್ರ ಜಾರಿತು. ಬೀಳಲಿಲ್ಲ, ಆದರೆ ಅವತ್ತಿನಿಂದ ಮಳೆ ಅಂದರೆ ಕೈಕಾಲು ನಡುಗುತ್ತೆ. ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ ಅಂತಾಳೆ ಗೆಳತಿ. ಹೌದಾ ಸರ್?
– ಓದುಗಿ, ಬನಶಂಕರಿ

ಗೆಳತಿ ಹೇಳಿದ್ದು ಅರ್ಧ ಸರಿ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ, ಅದರಲ್ಲೂ ಹ್ಯಾಂಡಲ್ ತಿರುಗಿಸಿಕೊಂಡು ಹಿಡಿದರೆ ಖಂಡಿತ ಜಾರುತ್ತದೆ. ಆದರೆ ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿ ಇರುವುದೂ ಮುಂದಿನ ಚಕ್ರದಲ್ಲೇ. ಬರೀ ಹಿಂದಿನದ್ದನ್ನು ನಂಬಿದರೆ ಗಾಡಿ ನಿಲ್ಲುವುದಕ್ಕೆ ಬಹಳ ದೂರ ಬೇಕು, ಹಿಂದಿನ ಚಕ್ರ ಲಾಕ್ ಆಗಿ ಬಾಲ ಅಲ್ಲಾಡಿಸುತ್ತದೆ. ಎರಡನ್ನೂ ಒಟ್ಟಿಗೆ, ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಒತ್ತಡ ಜಾಸ್ತಿ ಮಾಡುತ್ತಾ ಹೋಗಿ. 2019ರ ಏಪ್ರಿಲ್ ನಂತರದ ಸ್ಕೂಟರ್ ಆಗಿದ್ದರೆ ಎಡಗೈ ಲಿವರ್ ಹಿಡಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ, 125 ಸಿಸಿವರೆಗಿನ ಗಾಡಿಗಳಿಗೆ ಆ ವ್ಯವಸ್ಥೆ ಕಡ್ಡಾಯ ಆಗಿದ್ದು ಆಗಲೇ. ಅದಕ್ಕಿಂತ ದೊಡ್ಡ ಗಾಡಿಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಬಂತು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲೋ ಬಡಾವಣೆಯ ಖಾಲಿ ರಸ್ತೆಯಲ್ಲೋ ಇಪ್ಪತ್ತರ ವೇಗದಿಂದ ಶುರುಮಾಡಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಕೈಗೆ ರೂಢಿಯಾದರೆ ನಡುಕ ತಾನೇ ಕಡಿಮೆಯಾಗುತ್ತದೆ.

ಇನ್ನು ಆ ಕಬ್ಬಿಣದ ಪಟ್ಟಿ. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು ಅಂತ ಬಿಟ್ಟ ಕೀಲು ಅದು. ಒದ್ದೆಯಾದಾಗ ಟಯರಿಗೆ ಅಲ್ಲಿ ಹಿಡಿತವೇ ಇರುವುದಿಲ್ಲ. ಅದು ಬರುವ ಮೊದಲೇ ವೇಗ ಇಳಿಸಿಕೊಂಡು, ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು, ಬ್ರೇಕೂ ಇಲ್ಲ ಆಕ್ಸಿಲರೇಟರೂ ಇಲ್ಲ ಅನ್ನುವ ಹಾಗೆ ದಾಟಿಬಿಡಿ. ಮೆಟ್ರೋ ಕೆಲಸದ ಕಡೆ ಹಾಸಿರುವ ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟೆಯ ಬಿಳಿ ಪೇಂಟು, ಮರದ ಕೆಳಗೆ ಉದುರಿ ಕೊಳೆತ ಹೂವು, ಎಲ್ಲಕ್ಕೂ ಇದೇ ಮಾತು. ನಿಂತ ನೀರಿನ ತಳ ಕಾಣದಿದ್ದರೆ ಅದರೊಳಗೆ ಇಳಿಸಬೇಡಿ, ಮುಂದೆ ಹೋದ ಗಾಡಿಯ ಜಾಡು ಹಿಡಿಯಿರಿ. ಜೋರು ಮಳೆಗಿಂತ ಜಾಸ್ತಿ ಹೆದರಬೇಕಾದ್ದು ಏಪ್ರಿಲ್, ಮೇ ತಿಂಗಳ ಮೊದಲ ಹನಿಗಳಿಗೆ. ತಿಂಗಳುಗಟ್ಟಲೆ ರಸ್ತೆಗೆ ಇಳಿದ ಆಯಿಲ್, ಧೂಳು, ಟಯರಿನ ಪುಡಿ ಎಲ್ಲ ಒದ್ದೆಯಾಗಿ ರಸ್ತೆಯ ಮೇಲೆ ಜಿಡ್ಡು ಕಟ್ಟುತ್ತದೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಮಳೆ ಬಿದ್ದರೆ ಅದು ತೊಳೆದುಹೋಗುತ್ತದೆ, ಅಲ್ಲಿಯವರೆಗೆ ಸುಮ್ನೆ ಎಲ್ಲಾದರೂ ನಿಂತುಬಿಡುವುದು ಒಳ್ಳೆಯದು. ನಿಲ್ಲುವಾಗ ಫ್ಲೈಓವರ್ ಕೆಳಗೆ ರಸ್ತೆಯಲ್ಲೇ ಗುಂಪು ಕಟ್ಟಿ ನಿಲ್ಲಬೇಡಿ, ಮಳೆಯಲ್ಲಿ ಹಿಂದಿನಿಂದ ಬರುವವನಿಗೆ ಆ ಗುಂಪು ಕಾಣುವುದು ಬಹಳ ತಡವಾಗಿ.

ಆಯುಧಪೂಜೆ ಬಂದರೆ ಇನ್ನೊಂದು. ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದು ಹಾಗೇ ಬಿಟ್ಟುಹೋಗುತ್ತಾರೆ, ಅದರ ತಿರುಳು ಬೀಜದ ಮೇಲೆ ಚಕ್ರ ಹತ್ತಿದರೆ ಮಳೆಯೇ ಬೇಕಿಲ್ಲ. ಪ್ರತಿ ವರ್ಷ ಪೊಲೀಸರು, ಪಾಲಿಕೆಯವರು ಬೇಡ ಅಂತ ಕೇಳಿಕೊಳ್ಳುತ್ತಾರೆ. ನಾನೂ ಕೈಮುಗಿದು ಕೇಳುತ್ತೇನೆ, ಪೂಜೆ ಮಾಡಿ, ದೃಷ್ಟಿ ತೆಗೆಯಿರಿ, ಒಡೆದ ಮೇಲೆ ಎರಡು ನಿಮಿಷ ನಿಂತು ಬದಿಗೆ ಗುಡಿಸಿ ಹಾಕಿ. ನಮ್ಮ ಗಾಡಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಇನ್ನೊಬ್ಬರ ಮಗಳನ್ನು ಬೀಳಿಸಬಾರದು.

ಹಾಫ್ ಹೆಲ್ಮೆಟ್ ಹಾಕಿಕೊಂಡರೂ ಪೊಲೀಸರು ಬಿಡುತ್ತಾರೆ. ಸಾಕಲ್ವಾ?
– ಓದುಗ, ಪೀಣ್ಯ

ಸಾಲದು. ಬೀಳುವಾಗ ಮೊದಲು ರಸ್ತೆಗೆ ತಾಗುವುದು ಅನೇಕ ಸಲ ಗದ್ದ ಮತ್ತು ಮುಖ. ಹಾಫ್ ಹೆಲ್ಮೆಟ್ಟಿನಲ್ಲಿ ಅವೆರಡೂ ಹೊರಗೇ ಇರುತ್ತವೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಹಿಂದೆ ‘ಐಎಸ್ 4151’ ಅಂತ ಇದೆಯಾ ನೋಡಿ ತಗೊಳ್ಳಿ, ಪಟ್ಟಿ ಕಟ್ಟಿ. ಪಟ್ಟಿ ಕಟ್ಟದ ಹೆಲ್ಮೆಟ್ ಮೊದಲ ಏಟಿಗೇ ಹಾರಿಹೋಗುತ್ತದೆ.

ಊಟ ತಲುಪಿಸುವ ಕೆಲಸ ಮಾಡ್ತೀನಿ, ರಾತ್ರಿ ಒಂದರವರೆಗೂ. ಯೂ ಟರ್ನ್ ತಗೋಬೇಕು ಅಂದರೆ ಒಂದೂವರೆ ಕಿಲೋಮೀಟರ್ ಸುತ್ತು, ರಾಂಗ್ ಸೈಡಲ್ಲಿ ಹೋದರೆ ನೂರು ಮೀಟರ್. ಎಲ್ಲರೂ ನಮ್ಮನ್ನೇ ಬೈತಾರೆ. ಲೇಟಾದರೆ ನಮ್ಮ ದುಡ್ಡು ಕಟ್ಟಾಗುತ್ತೆ ಅಂತ ಯಾರೂ ಕೇಳಲ್ಲ.
– ಹೆಸರು ಬೇಡ, ಮಾರತ್ತಹಳ್ಳಿ

ತಮ್ಮ, ನಿನ್ನ ಕೋಪ ನ್ಯಾಯವಾಗಿದೆ. ಹತ್ತು ನಿಮಿಷದಲ್ಲಿ ತರಬೇಕು ಅನ್ನುವವರಲ್ಲಿ ನಿನ್ನ ಪತ್ರ ಓದುವವರೂ ಇದ್ದಾರೆ. ಅವರಿಗೆ ಹೇಳುತ್ತೇನೆ, ಹಾಲು ಐದು ನಿಮಿಷ ತಡವಾಗಿ ಬಂದರೆ ಏನೂ ಆಗುವುದಿಲ್ಲ, ‘ನಿಧಾನವಾಗಿ ಬನ್ನಿ, ಪರವಾಗಿಲ್ಲ’ ಅಂತ ಒಂದು ಮಾತು ಹೇಳಿ, ರೇಟಿಂಗ್ ಕಡಿಮೆ ಕೊಡಬೇಡಿ.

ಆದರೂ ರಾಂಗ್ ಸೈಡ್ ಬೇಡ. ಹೋಗಲೇಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, ಅಡ್ಡರಸ್ತೆಯಿಂದ, ಅಪಾರ್ಟ್‌ಮೆಂಟ್ ಗೇಟಿನಿಂದ ಎಡಕ್ಕೆ ತಿರುಗಿ ರಸ್ತೆಗೆ ಸೇರುವವನು ನೋಡುವುದು ಬಲಗಡೆ ಮಾತ್ರ, ಗಾಡಿ ಬರುವುದು ಅಲ್ಲಿಂದಲೇ ತಾನೇ. ನೀನು ಬರುವುದು ಅವನ ಎಡದಿಂದ. ಅವನು ಕತ್ತು ಬಲಕ್ಕೆ ಇಟ್ಟುಕೊಂಡೇ ಗಾಡಿ ಮುಂದೆ ಬಿಡುತ್ತಾನೆ. ರಸ್ತೆ ದಾಟುವ ಅಜ್ಜಿಯೂ ಅಷ್ಟೆ, ನೀನು ಬರುವ ದಿಕ್ಕಿಗೆ ನೋಡುವುದೇ ಇಲ್ಲ. ನಿಜವಾಗಿಯೂ ನೂರೇ ಮೀಟರ್ ಆದರೆ ಎಂಜಿನ್ ಆಫ್ ಮಾಡಿ, ಇಳಿದು, ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ಹೋಗು. ಎರಡು ನಿಮಿಷ ಹಿಡಿಯುತ್ತದೆ.

ಫೋನ್ ವಿಷಯ ನೀನು ಬರೆದಿಲ್ಲ, ನಾನೇ ಹೇಳುತ್ತೇನೆ. ಮ್ಯಾಪ್ ನೋಡಲು ಮೂರು ಸೆಕೆಂಡು ತಲೆ ತಗ್ಗಿಸಿದರೆ 40ರ ವೇಗದಲ್ಲಿ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆಯೇ. ಹೊರಡುವ ಮೊದಲು ದಾರಿ ಒಮ್ಮೆ ಪೂರ್ತಿ ನೋಡಿಕೊ, ಆಮೇಲೆ ಧ್ವನಿ ಕೇಳಿಸಿಕೊಂಡು ಹೋಗು. ರಾತ್ರಿ ಹೊತ್ತು ಪಾರ್ಕಿಂಗ್ ಲೈಟಿಲ್ಲದೆ ರಸ್ತೆ ಬದಿ ನಿಂತ ಲಾರಿ, ಬಣ್ಣ ಅಳಿಸಿಹೋದ ಹಂಪು, ಇವೆರಡೂ ತೀರಾ ಹತ್ತಿರಕ್ಕೆ ಬಂದ ಮೇಲೇ ಕಾಣುವುದು, ಎಡ ಅಂಚಿಗೆ ತೀರಾ ಒತ್ತಿಕೊಂಡು ಹೋಗಬೇಡ. ಬೆನ್ನ ಚೀಲಕ್ಕೆ, ಗಾಡಿಯ ಹಿಂಬದಿಗೆ ಮಿಂಚುವ ಸ್ಟಿಕ್ಕರ್ ಪಟ್ಟಿ ಅಂಟಿಸು, ಆಟೋಮೊಬೈಲ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಗಾಡಿ ನಿನ್ನ ಹೆಸರಲ್ಲಿದ್ದರೆ ವಿಮೆಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದೆಯಾ ಇವತ್ತೇ ನೋಡು. ಬರೀ ಥರ್ಡ್ ಪಾರ್ಟಿ ಇದ್ದರೆ ನಿನಗೆ ಆದ ಗಾಯಕ್ಕೆ ಅದು ಕೊಡುವುದಿಲ್ಲ.

ಹೆಂಡತಿ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾಳೆ. ಮೂರು ವರ್ಷದ ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುತ್ತೇನೆ. ಮದುವೆ ಮನೆಗೆ ಹೋಗುವಾಗ ಬೇರೆ ದಾರಿಯಿಲ್ಲ. ಏನು ಎಚ್ಚರಿಕೆ ವಹಿಸಬೇಕು?
– ಓದುಗ, ಯಲಹಂಕ

ಮೊದಲು ಮಗು. ಬ್ರೇಕ್ ಹಿಡಿದರೆ ಮುಂದೆ ನಿಂತ ಮಗು ಹ್ಯಾಂಡಲಿಗೆ, ಮೀಟರಿಗೆ ಮುಖ ಬಡಿಯುತ್ತದೆ. ಕೆಲವು ಮಕ್ಕಳು ಆಟಕ್ಕೆ ಆಕ್ಸಿಲರೇಟರ್ ತಿರುವಿಬಿಡುತ್ತವೆ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನ ಮೈಗೆ ಸೇಫ್ಟಿ ಬೆಲ್ಟಿನಿಂದ ಕಟ್ಟಿಕೊಳ್ಳಬೇಕು, ಒಂಬತ್ತು ತಿಂಗಳು ದಾಟಿದ್ದರೆ ಅದರ ಅಳತೆಯ ಹೆಲ್ಮೆಟ್ ಹಾಕಬೇಕು, ವೇಗ 40 ದಾಟಬಾರದು.

ಸೀರೆಗೆ ಬಂದರೆ, ಸೆರಗು, ದುಪಟ್ಟಾ, ಬುರ್ಖಾ ಎಲ್ಲವೂ ಒಂದೇ. ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಹಿಂದೆ ಕೂತವರನ್ನು ಒಂದೇ ಏಟಿಗೆ ಎಳೆದು ಹಾಕುತ್ತದೆ, ಕುತ್ತಿಗೆಗೆ ಸುತ್ತಿದ್ದರೆ ಕೇಳುವುದೇ ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಿನ್ ಹಾಕಿ, ಆಮೇಲೆ ಹತ್ತಲಿ. ಹಿಂದಿನ ಚಕ್ರವನ್ನು ಅರ್ಧದಷ್ಟಾದರೂ ಮುಚ್ಚುವ ಗಾರ್ಡ್, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕು ಅನ್ನುವುದು ಮೋಟಾರು ವಾಹನ ನಿಯಮದಲ್ಲೇ ಇದೆ. ಚೆಂದ ಕಾಣಲ್ಲ ಅಂತ ಸೀರೆ ಗಾರ್ಡ್ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಒಂದೇ ಕಡೆ ಕೂತರೆ ಭಾರವೂ ಒಂದೇ ಕಡೆ, ಗುಂಡಿ ತಪ್ಪಿಸಲು ನೀವು ಗಾಡಿ ಓಲಿಸಿದಾಗ ಅವರಿಗೆ ಹಿಡಿತ ತಪ್ಪುತ್ತದೆ. ಎರಡೂ ಕಡೆ ಕಾಲು ಹಾಕಿ ಕೂರಲು ಆಗುವ ಉಡುಪಿನಲ್ಲಿ ಹೋಗಿ ಅಲ್ಲಿ ಸೀರೆ ಉಡಲಿ, ಎಷ್ಟೋ ಹೆಣ್ಣುಮಕ್ಕಳು ಈಗ ಹಾಗೇ ಮಾಡುತ್ತಾರೆ. ಅವರಿಗೂ ಹೆಲ್ಮೆಟ್, ಹೂವು ಬಾಡಿದರೆ ಬಾಡಲಿ.

ನಿಂತ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆಗೆದರೆ ಏನು ಮಾಡೋದು?
– ಓದುಗ, ಗಾಂಧಿಬಜಾರ್

ಆ ಕ್ಷಣದಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಸಾಲಾಗಿ ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲದಷ್ಟು ದೂರ ಇಟ್ಟುಕೊಂಡೇ ಹೋಗಿ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಬ್ರೇಕ್ ಲೈಟ್ ಈಗಷ್ಟೇ ಆರಿದ ಕಾರು, ಆಗ ತಾನೇ ನಿಂತ ಕ್ಯಾಬ್ ಮತ್ತು ಆಟೋ ಕಂಡರೆ ಇಳಿಯುವವರಿದ್ದಾರೆ ಅಂತಲೇ ತಿಳಿಯಿರಿ. ಕಾರಿನಲ್ಲಿ ಹೋಗುವವರಿಗೂ ಒಂದು ಮಾತು: ಬಲಗಡೆ ಬಾಗಿಲನ್ನು ಎಡಗೈಯಲ್ಲಿ ತೆಗೆಯಿರಿ. ಆಗ ಮೈ ತಾನೇ ತಿರುಗಿ ಹಿಂದೆ ಬರುವವರು ಕಾಣುತ್ತಾರೆ.

ತುಮಕೂರು ರಸ್ತೆಯಲ್ಲಿ ಒಬ್ಬ ಹುಡುಗ ಬೈಕಿನಿಂದ ಬಿದ್ದಿದ್ದ. ಎಲ್ಲರೂ ಸುತ್ತ ನಿಂತಿದ್ದರು, ನಾನೂ ನಿಂತೆ. ಮುಟ್ಟಿದರೆ ಪೊಲೀಸು, ಕೋರ್ಟು ಅಂತ ಹೆದರಿಕೆ. ಏನು ಮಾಡಬೇಕಿತ್ತು?
– ಓದುಗಿ, ದಾಸರಹಳ್ಳಿ

ಈ ಹೆದರಿಕೆ ನಿಮ್ಮೊಬ್ಬರದಲ್ಲ. ಅದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಹತ್ತಿರ, 2016ರ ಫೆಬ್ರವರಿಯಲ್ಲಿ ಹರೀಶ್ ಅನ್ನುವ ಯುವಕನ ಬೈಕಿಗೆ ಲಾರಿ ಗುದ್ದಿತು. ಊರಿಗೆ ಹೋಗಿ ಓಟು ಹಾಕಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದ. ದೇಹ ಎರಡು ತುಂಡಾಗಿದ್ದರೂ ಪ್ರಜ್ಞೆ ಇತ್ತು, ನನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿದ. ಅವನ ಕಣ್ಣು ದಾನವಾದವು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ಹರೀಶ್ ಸಾಂತ್ವನ ಯೋಜನೆ ತಂದಿತು, ಗಾಯಗೊಂಡವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ಸರ್ಕಾರವೇ ಕೊಡುವಂಥದ್ದು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ, ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದಿಲ್ಲದ ಚಿಕಿತ್ಸೆ. ‘ದುಡ್ಡು ಯಾರು ಕಟ್ಟೋದು’ ಅಂತ ಯೋಚಿಸುತ್ತಾ ನಿಲ್ಲಬೇಕಾಗಿಲ್ಲ.

ಕಾನೂನಿನ ಭಯವೂ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ನಿಮ್ಮ ಹೆಸರು, ವಿಳಾಸ ಹೇಳಿ ಅಂತ ಒತ್ತಾಯ ಮಾಡುವಂತಿಲ್ಲ, ಸಾಕ್ಷಿ ಹೇಳುವುದೂ ನಿಮ್ಮ ಇಷ್ಟಕ್ಕೆ ಬಿಟ್ಟದ್ದು.

ಮಾಡಬೇಕಾದ್ದು ಹೀಗೆ. ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಿರಿ, ಇಲ್ಲದಿದ್ದರೆ ಇನ್ನೊಂದು ಬಂದು ಗುದ್ದುತ್ತದೆ. ಒಬ್ಬರನ್ನು ಬೊಟ್ಟು ಮಾಡಿ ‘ನೀವು 108ಕ್ಕೆ ಫೋನ್ ಮಾಡಿ’ ಅನ್ನಿ, ‘ಯಾರಾದರೂ ಮಾಡಿ’ ಅಂದರೆ ಯಾರೂ ಮಾಡುವುದಿಲ್ಲ. 112 ಕೂಡ ಆಗುತ್ತದೆ. ಹತ್ತಿರದ ಮೆಟ್ರೋ ಪಿಲ್ಲರ್ ನಂಬರ್ ಹೇಳಿದರೆ ಆಂಬ್ಯುಲೆನ್ಸ್ ಹುಡುಕಾಡುವುದಿಲ್ಲ. ರಕ್ತ ಸುರಿಯುತ್ತಿದ್ದರೆ ಸ್ವಚ್ಛವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಮುಂದಿನ ಗಾಜು ಮೇಲೆತ್ತಿ ಸಾಕು. ಕತ್ತಿನ ಮೂಳೆ ಮುರಿದಿದ್ದರೆ ಎಳೆದಾಡುವುದರಿಂದಲೇ ಜೀವಮಾನವಿಡೀ ಕೈಕಾಲು ಹೋಗಬಹುದು. ಕೂರಿಸುವುದು, ನೀರು ಕುಡಿಸುವುದು, ಆಟೋದಲ್ಲಿ ಮಡಿಸಿ ತುಂಬುವುದು ಬೇಡ. ಮನೆಯವರಿಗೆ ಫೋನ್ ಮಾಡಿ, ಆ ಹುಡುಗನ ಕೈ ಹಿಡಿದು ಮಾತಾಡಿಸುತ್ತಿರಿ.

ರಾತ್ರಿ ಪಾಳಿ ಮುಗಿಸಿ ಬರುವಾಗ ನಮ್ಮ ಲೇಔಟ್ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಕಾಲು ಮೇಲೆತ್ತಿ ಜೋರಾಗಿ ಓಡಿಸುತ್ತೇನೆ. ಸರಿಯಾ?
– ಓದುಗ, ಹೆಗ್ಗನಹಳ್ಳಿ

ಎರಡೂ ಬೇಡ. ಕಾಲು ಮೇಲೆತ್ತಿದರೆ ಹಿಂದಿನ ಬ್ರೇಕ್ ಸಿಗುವುದಿಲ್ಲ, ಬ್ಯಾಲೆನ್ಸೂ ಇರುವುದಿಲ್ಲ. ನಾಯಿ ಕಚ್ಚಿ ಆದ ಗಾಯಕ್ಕಿಂತ ಅದಕ್ಕೆ ಹೆದರಿ ಹಂಪ್ ಮೇಲೆ ಬಿದ್ದು ಆದ ಗಾಯಗಳೇ ದೊಡ್ಡವಾಗಿರುತ್ತವೆ. ನಾಯಿಗಳಿಗೆ ಓಡುವ ಚಕ್ರ ಕಂಡರೆ ಅಟ್ಟುವ ಆಸೆ. ಗುಂಪು ಇರುವ ತಿರುವು ನಿಮಗೆ ಗೊತ್ತೇ ಇರುತ್ತದೆ, ಅದರ ಮೊದಲೇ ವೇಗ ಇಳಿಸಿ, ಎಂಜಿನ್ ಗುರ್ರೆನ್ನಿಸದೆ ಒಂದೇ ಸಮನೆ ಹೋಗಿ. ಮೈಮೇಲೇ ಬಂದರೆ ನಿಲ್ಲಿಸಿ, ಒಂದು ಸಲ ಗದರಿಸಿ. ಗಾಡಿ ನಿಂತರೆ ಬಹಳಷ್ಟು ನಾಯಿಗಳೂ ನಿಲ್ಲುತ್ತವೆ. ಒಂದು ವೇಳೆ ಹಲ್ಲು ತಾಗಿದ್ದರೆ, ಸಣ್ಣ ಗೀರಾದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಶುರುಮಾಡಿಸಿ, ಹೇಳಿದ ದಿನಗಳಿಗೆ ತಪ್ಪದೆ ಹೋಗಿ ಎಲ್ಲ ಡೋಸನ್ನೂ ಮುಗಿಸಿ.